ಅರ್ಬುದದ ಕಿರಣಚಿಕಿತ್ಸೆಯೂ ಭಾರಲೋಹದ ಸೂಕ್ಷ್ಮರೇಣುಗಳೂ

೧

ಅರ್ಬುದರೋಗಕ್ಕೆ, ಎಂದರೆ ನಾವು ಸಾಮಾನ್ಯವಾಗಿ ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಗೆ, ಈಗ ರೂಢಿಯಲ್ಲಿರುವ ಚಿಕಿತ್ಸೆಗಳು ಮುಖ್ಯವಾಗಿ ಮೂರು ಬಗೆ: ಶಸ್ತ್ರ, ಔಷಧ, ಕಿರಣ. ಇವುಗಳಲ್ಲಿ ಕಿರಣಚಿಕಿತ್ಸೆಯು ಒಂದು ಕೊರತೆಯನ್ನು ಹೊತ್ತುಕೊಂಡೇ ಹುಟ್ಟಿತು. ಶಸ್ತ್ರವೈದ್ಯನ ಕೈಗೆ ಕಣ್ಣಿನ ಆಸರೆಯುಂಟು. ಕೆಟ್ಟುದನ್ನು ತೆಗೆದು ಒಳ್ಳೆಯದನ್ನು ಉಳಿಸಲು ಆತನು ತಕ್ಕಮಟ್ಟಿಗೆ ಶಕ್ತನು. ಕ್ಷಕಿರಣಕ್ಕಾದರೋ ರೋಗದ ಮಾಂಸ, ಆರೋಗ್ಯದ ಮಾಂಸ ಎಂಬ ಭೇದವು ತಿಳಿಯದು. ತನ್ನ ದಾರಿಯಲ್ಲಿ ಸಿಕ್ಕಿದುದನ್ನೆಲ್ಲ ನೋಯಿಸುತ್ತ ಹೋಗುವುದೇ ಅದರ ಸ್ವಭಾವ. ೧೮೯೫ರಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ರೊಂಟ್ಗೆನ್ ಪಂಡಿತನು ಈ ಕಿರಣಗಳನ್ನು ಕಂಡುಹಿಡಿದಂದಿನಿಂದ ಈವರೆಗಿನ ಕಿರಣಚಿಕಿತ್ಸೆಯ ಇತಿಹಾಸವನ್ನು, ವಿವೇಕವಿಲ್ಲದ ಕಿರಣಕ್ಕೆ ವಿವೇಕವನ್ನು ಕಲಿಸುವ ಪ್ರಯತ್ನದ ಇತಿಹಾಸವೆಂದೇ ಹೇಳಬಹುದು.

ಬಹುಕಾಲ ಈ ಪ್ರಯತ್ನವು ಕಿರಣವನ್ನೇ ತಿದ್ದುವ ಮಾರ್ಗದಲ್ಲಿ ನಡೆಯಿತು. ಒಂದೇ ದಿಕ್ಕಿನಿಂದ ಬಿಡುವುದಕ್ಕೆ ಬದಲಾಗಿ ಹಲವು ದಿಕ್ಕುಗಳಿಂದ ಬಿಟ್ಟು ಅವೆಲ್ಲವೂ ಗಡ್ಡೆಯಲ್ಲಿ ಸಂಧಿಸುವಂತೆ ಮಾಡಿದರು. ಒಮ್ಮೆಗೇ ಕೊಡುವುದಕ್ಕೆ ಬದಲಾಗಿ ಹಲವು ದಿನಗಳಲ್ಲಿ ಹಂಚಿ ಕೊಟ್ಟರು. ಕಿರಣದ ಅಂಚನ್ನು ಗಡ್ಡೆಯ ಆಕಾರಕ್ಕೆ ಒಪ್ಪುವಂತೆ ಕತ್ತರಿಸಿದರು. ಈಚಿನ ಕೆಲವು ದಶಕಗಳಲ್ಲಿ ಇನ್ನೊಂದು ಮಾರ್ಗವು ತೆರೆದುಕೊಂಡಿದೆ. ಅದು ಕಿರಣ ಬೀಳುವ ವಸ್ತುವನ್ನು ತಿದ್ದುವ ಮಾರ್ಗ. ಚಿನ್ನ, ಹಾಫ್ನಿಯಂ, ಗ್ಯಾಡೊಲಿನಿಯಂ ಮುಂತಾದ ಭಾರವಾದ ಧಾತುಗಳ ಅತಿಸೂಕ್ಷ್ಮ ರೇಣುಗಳನ್ನು ಗಡ್ಡೆಯೊಳಗೆ ಸೇರಿಸಿ, ಆ ಬಳಿಕ ಕಿರಣವನ್ನು ಬಿಟ್ಟರೆ, ಗಡ್ಡೆಯು ಕಿರಣವನ್ನು ಸುತ್ತಲಿನ ಮಾಂಸಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುವುದೆಂಬುದು ಇದರ ಮೂಲತತ್ತ್ವ.

ಈ ವಿಷಯವಾಗಿ ಎರಡು ಫಲಿತಾಂಶಗಳು ಪ್ರಸಿದ್ಧವಾಗಿವೆ. ೨೦೦೪ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿನ್ನದ ರೇಣು ಮತ್ತು ಕ್ಷಕಿರಣ ಇವೆರಡನ್ನೂ ಪಡೆದ ಇಲಿಗಳಲ್ಲಿ ನೂರಕ್ಕೆ ೮೬ ಒಂದು ವರ್ಷದ ಮೇಲೂ ಬದುಕಿದ್ದವು. ಕಿರಣವನ್ನು ಮಾತ್ರ ಪಡೆದವುಗಳಲ್ಲಿ ಬದುಕಿದ್ದವು ನೂರಕ್ಕೆ ೨೦. ೨೦೧೯ರಲ್ಲಿ ಪ್ರಕಟವಾದ ಮನುಷ್ಯರ ಮೇಲಣ ಪರೀಕ್ಷೆಯೊಂದರಲ್ಲಿ, ಗಡ್ಡೆಯು ಬಹುಮಟ್ಟಿಗೆ ಪೂರ್ಣವಾಗಿ ಸತ್ತಿದ್ದುದು ರೇಣುಗಳನ್ನು ಪಡೆದವರಲ್ಲಿ ನೂರಕ್ಕೆ ೧೬ ಮಂದಿಗೆ, ಪಡೆಯದವರಲ್ಲಿ ನೂರಕ್ಕೆ ೮ ಮಂದಿಗೆ. ಈ ಎರಡು ಲೆಕ್ಕಗಳು ಒಂದೇ ಅಳತೆಗೋಲಿನವಲ್ಲ. ಒಂದು ಆಯುಷ್ಯವನ್ನೂ ಇನ್ನೊಂದು ಗಡ್ಡೆಯ ಸ್ಥಿತಿಯನ್ನೂ ಅಳೆಯುತ್ತದೆ. ಆದರೂ ಮೊದಲನೆಯದರಿಂದ ಹುಟ್ಟುವ ಆಸೆಗೂ ಎರಡನೆಯದು ಕೊಡುವ ಫಲಕ್ಕೂ ನಡುವೆ ದೊಡ್ಡ ಅಂತರವಿರುವುದು ಯಾರಿಗಾದರೂ ಕಾಣುತ್ತದೆ. ಆ ಅಂತರಕ್ಕೆ ಕಾರಣಗಳೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಮೊದಲು ಶಬ್ದಗಳನ್ನು ಕುರಿತು ಎರಡು ಮಾತು. ಅರ್ಬುದವೆಂಬುದು ಸುಶ್ರುತಸಂಹಿತೆಯಲ್ಲಿ ಬರುವ ಶಬ್ದ. ಮೆಲ್ಲಗೆ ಬೆಳೆಯುವ, ಆಳವಾಗಿ ಬೇರೂರಿದ, ಕೀವುಗಟ್ಟಿ ಪಕ್ವವಾಗದ ಊತಕ್ಕೆ ಅಲ್ಲಿ ಆ ಹೆಸರು. ಇಂದಿನ ವೈದ್ಯರ ಕ್ಯಾನ್ಸರಿಗೂ ಸುಶ್ರುತನ ಅರ್ಬುದಕ್ಕೂ ಎಲ್ಲೆಗಳು ಪೂರ್ತಿಯಾಗಿ ಕೂಡಿಬರುವುದಿಲ್ಲವಾದರೂ ಶಬ್ದವು ಬಳಕೆಗೆ ಒದಗುತ್ತದೆ. ಅದೇ ಶಬ್ದವು ಕೋಟಿಗಳ ಎಣಿಕೆಯಲ್ಲಿ ಒಂದು ದೊಡ್ಡ ಸಂಖ್ಯೆಗೂ ಹೆಸರಾಗಿರುವುದು, ಜೀವಕೋಶಗಳು ಲೆಕ್ಕವಿಲ್ಲದೆ ಹೆಚ್ಚುವ ಈ ವ್ಯಾಧಿಗೆ ಆಕಸ್ಮಿಕವಾಗಿಯಾದರೂ ಒಪ್ಪುತ್ತದೆ. ಗ್ರೀಕರು ಈ ರೋಗವನ್ನು ಏಡಿಗೆ ಹೋಲಿಸಿ ಕಾರ್ಕಿನೋಸ್ ಎಂದರು. ನಮ್ಮ ಕರ್ಕಟಕ ಶಬ್ದವು ಅದರ ನೆಂಟನೆಂದು ಭಾಷಾಶಾಸ್ತ್ರಜ್ಞರು ಬಲ್ಲರು. ಲ್ಯಾಟಿನಿನಲ್ಲಿ ಏಡಿಗೆ ಕ್ಯಾನ್ಸರ್ ಎಂದು ಹೆಸರು; ಲೋಕದಲ್ಲಿ ಹರಡಿದುದು ಅದೇ.

ನ್ಯಾನೊ ಎಂಬ ಉಪಸರ್ಗವೂ ಗ್ರೀಕ್ ಮೂಲದ್ದೇ. ಕುಬ್ಜ, ವಾಮನ ಎಂದು ಅದರ ಅರ್ಥ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಒಂದರಿಂದ ನೂರು ನ್ಯಾನೊಮೀಟರಿನೊಳಗಣ ಕಣಗಳನ್ನು ನ್ಯಾನೊ ಕಣಗಳೆನ್ನುವುದು ವಾಡಿಕೆ. ನಮ್ಮ ರಕ್ತದ ಕೆಂಪು ಕಣವೊಂದರ ಅಗಲವು ಸುಮಾರು ೭,೦೦೦ದಿಂದ ೮,೦೦೦ ನ್ಯಾನೊಮೀಟರು ಎಂದರೆ ಇವುಗಳ ವಾಮನತ್ವವು ಮನಸ್ಸಿಗೆ ಬಂದೀತು. ಈ ಲೇಖನದಲ್ಲಿ ಅವುಗಳನ್ನು ರೇಣುಗಳೆಂದು ಕರೆದಿದೆ. ಮೇಲೆ ಹೇಳಿದ ಇಲಿಗಳ ಪ್ರಯೋಗದಲ್ಲಿ ಬಳಸಿದ ಚಿನ್ನದ ರೇಣುವಿನ ವ್ಯಾಸವು ೧.೯ ನ್ಯಾನೊಮೀಟರು; ಅಂಥ ಒಂದು ರೇಣುವಿನಲ್ಲಿ ಚಿನ್ನದ ಪರಮಾಣುಗಳು ಸುಮಾರು ಇನ್ನೂರು ಮಾತ್ರ ಹಿಡಿಯುತ್ತವೆ.

ಇಂಥ ರೇಣುಗಳು ಇಂದಿನ ಹೊಸ ಸೃಷ್ಟಿಯೇನೂ ಅಲ್ಲ. ಚಿನ್ನವನ್ನು ಅತಿಸೂಕ್ಷ್ಮವಾಗಿ ನೀರಿನಲ್ಲಿ ಹರಡಿದಾಗ ಅದು ಹಳದಿಯ ಬಣ್ಣವನ್ನು ಬಿಟ್ಟು ಮಾಣಿಕ್ಯದ ಕೆಂಪನ್ನು ತಾಳುವುದೆಂಬುದನ್ನು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಮಹಾಶಯನು ೧೮೫೭ರಲ್ಲಿಯೇ ವಿವರಿಸಿದನು. ಹೊಸದೆಂದರೆ, ಅವುಗಳನ್ನು ಬೇಕಾದ ಗಾತ್ರಕ್ಕೆ ಮಾಡಿ, ಬೇಕಾದ ಹೊದಿಕೆಯನ್ನು ಹೊದಿಸಿ, ರೋಗಿಯ ದೇಹಕ್ಕೆ ಕಳುಹಿಸುವ ಕೌಶಲ.

೩

ಕಿರಣವು ಜೀವಕೋಶವನ್ನು ಕೊಲ್ಲುವ ಬಗೆಯನ್ನು ತಿಳಿಯದೆ ರೇಣುಗಳ ಕೆಲಸವು ಅರ್ಥವಾಗದು. ದೇಹವು ಹೀರಿಕೊಂಡ ಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೊಗ್ರಾಂ ಮಾಂಸಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಹಲವು ಗಡ್ಡೆಗಳಿಗೆ ದಿನಕ್ಕೆ ೨ ಗ್ರೇಯಂತೆ ಐದು ವಾರಗಳಲ್ಲಿ ೨೫ ಸಾರಿ, ಒಟ್ಟು ೫೦ ಗ್ರೇ ಕೊಡುವುದುಂಟು. ಇಷ್ಟೂ ಶಕ್ತಿಯನ್ನು ಅಷ್ಟೇ ತೂಕದ ನೀರಿಗೆ ಶಾಖವಾಗಿ ಒಮ್ಮೆಗೇ ಕೊಟ್ಟರೆ ನೀರಿನ ಉಷ್ಣತೆಯು ಒಂದು ಡಿಗ್ರಿಯ ಎಂಬತ್ತರಲ್ಲೊಂದು ಭಾಗದಷ್ಟು ಮಾತ್ರ ಏರುತ್ತದೆ. ಬಿಸಿ ಮಾಡುವುದಕ್ಕೆ ಸಾಲದ ಈ ಶಕ್ತಿಯು ಗಡ್ಡೆಯನ್ನು ಕೊಲ್ಲುವುದು ಹೇಗೆ?

ಉತ್ತರವು ಪ್ರಮಾಣದಲ್ಲಿಲ್ಲ, ಹಂಚಿಕೆಯಲ್ಲಿದೆ. ಶಾಖವು ಎಲ್ಲ ಅಣುಗಳಿಗೂ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ. ಕ್ಷಕಿರಣವು ಹಾಗಲ್ಲ, ಅದು ಎಲ್ಲಿಯೋ ಒಂದು ಪರಮಾಣುವನ್ನು ಹೊಡೆದು ಅದರಿಂದ ಒಂದು ಎಲೆಕ್ಟ್ರಾನನ್ನು ವೇಗವಾಗಿ ಹೊರದೂಡುತ್ತದೆ. ಆ ಎಲೆಕ್ಟ್ರಾನು ಓಡುವ ದಾರಿಯುದ್ದಕ್ಕೂ ಅಣುಗಳನ್ನು ಒಡೆಯುತ್ತ ಹೋಗುತ್ತದೆ. ಕೋಶದೊಳಗಿನ ನೀರು ಒಡೆದು ಹುಟ್ಟುವ ತೀಕ್ಷ್ಣವಾದ ತುಣುಕುಗಳು ನೆರೆಯ ಅಣುಗಳನ್ನು ಕಚ್ಚುತ್ತವೆ. ಕೋಶದ ವಂಶಲೇಖವೆನಿಸಿದ ಡಿಎನ್ಎ ಎಂಬ ಜೋಡಿ ಎಳೆಯು ಹೀಗೆ ಪೆಟ್ಟು ತಿನ್ನುತ್ತದೆ. ಒಂದು ಎಳೆ ಮಾತ್ರ ಕಡಿದರೆ ಇನ್ನೊಂದನ್ನು ನೋಡಿಕೊಂಡು ಕೋಶವು ಅದನ್ನು ಸರಿಪಡಿಸಿಕೊಳ್ಳಬಲ್ಲದು. ಎರಡು ಎಳೆಗಳೂ ಒಂದೇ ಸ್ಥಳದಲ್ಲಿ, ಹಲವು ಗಾಯಗಳೊಡನೆ ಕಡಿದುಹೋದರೆ ದುರಸ್ತಿಯು ಕಷ್ಟ. ಪ್ರತಿಯೊಂದನ್ನೂ ಎರಡೆರಡು ಇಟ್ಟುಕೊಂಡಿರುವ ಗ್ರಂಥಾಲಯದಲ್ಲಿ ಒಂದು ಪ್ರತಿಯ ಹಾಳೆ ಹರಿದರೆ ಇನ್ನೊಂದರಿಂದ ಪಾಠವನ್ನು ಉದ್ಧರಿಸಬಹುದು. ಎರಡರಲ್ಲಿಯೂ ಅದೇ ಹಾಳೆ ಹರಿದರೆ ಪಾಠವೇ ನಷ್ಟ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ: ಗಡ್ಡೆಯೊಳಗೆ ಬೀಳುವ ಒಟ್ಟು ಶಕ್ತಿಯಷ್ಟೇ ಅದು ಎಷ್ಟು ಒತ್ತಾಗಿ ಬೀಳುವುದೆಂಬುದೂ ಗಣ್ಯ. ಭಾರಲೋಹದ ರೇಣುಗಳು ಈ ಎರಡನ್ನೂ ಹೆಚ್ಚಿಸುವ ಆಶೆಯನ್ನು ತೋರುತ್ತವೆ.

೪

ರೊಂಟ್ಗೆನ್ ಪಂಡಿತನು ೧೮೯೫ರ ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯನ್ನು ಕ್ಷಕಿರಣದಿಂದ ಚಿತ್ರಿಸಿದನು. ಆ ಚಿತ್ರದಲ್ಲಿ ಮಾಂಸವು ಮಸುಕಾದ ನೆರಳು, ಮೂಳೆಯು ದಟ್ಟವಾದ ನೆರಳು, ಬೆರಳಿನ ಉಂಗುರವು ಎಲ್ಲಕ್ಕಿಂತ ದಟ್ಟವಾದ ನೆರಳು. ನಮ್ಮ ವಿಷಯದ ಬೀಜವೆಲ್ಲವೂ ಆ ಚಿತ್ರದಲ್ಲಿದೆ. ಉಂಗುರದ ನೆರಳು ದಟ್ಟವಾಗಿರುವುದಕ್ಕೆ ಕಾರಣ, ಲೋಹವು ಕಿರಣವನ್ನು ಮಾಂಸಕ್ಕಿಂತ ಬಹಳ ಹೆಚ್ಚಾಗಿ ಹೀರಿಕೊಂಡಿತೆಂಬುದು. ಚಿತ್ರ ತೆಗೆಯುವವನಿಗೆ ಬೇಕಾದುದು ಆ ನೆರಳು. ಚಿಕಿತ್ಸೆ ಮಾಡುವವನಿಗೆ ಬೇಕಾದುದು ಹೀರಿದ ಶಕ್ತಿ.

ಹೀರಿಕೆಯ ಈ ತಾರತಮ್ಯಕ್ಕೆ ಆಧಾರವು ದ್ಯುತಿವಿದ್ಯುತ್ ಪರಿಣಾಮವೆಂಬ ವ್ಯಾಪಾರ. ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಡಿಸುವುದರ ಮರ್ಮವನ್ನು ೧೯೦೫ರಲ್ಲಿ ಐನ್‌ಸ್ಟೈನನು ತಿಳಿಸಿದನು. ಕ್ಷಕಿರಣದ ಒಂದು ಕಣವು ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನಿಗೆ ತನ್ನ ಶಕ್ತಿಯನ್ನೆಲ್ಲ ಕೊಟ್ಟು ತಾನು ಇಲ್ಲವಾಗುತ್ತದೆ. ಪರಮಾಣು ಭಾರವಾದಷ್ಟೂ ಇದು ನಡೆಯುವ ಸಂಭವ ಹೆಚ್ಚು. ಸ್ಥೂಲವಾಗಿ ಹೇಳುವುದಾದರೆ ಪರಮಾಣು ಸಂಖ್ಯೆಯ ಘನದಂತೆ ಅದು ಏರುತ್ತದೆ. ಕಿರಣದ ಶಕ್ತಿ ಹೆಚ್ಚಿದಷ್ಟೂ ಇದೇ ಸಂಭವವು ಅಷ್ಟೇ ವೇಗವಾಗಿ ಇಳಿಯುತ್ತದೆ. ಮೃದುಮಾಂಸದ ಸರಾಸರಿ ಪರಮಾಣು ಸಂಖ್ಯೆಯನ್ನು ಸುಮಾರು ೭.೪ ಎಂದು ಹಿಡಿಯುತ್ತಾರೆ, ಚಿನ್ನದ್ದು ೭೯. ಬೇರೆ ವ್ಯಾಪಾರಗಳನ್ನೂ ಲೆಕ್ಕಕ್ಕೆ ತಂದುಕೊಂಡ ಮೇಲೆಯೂ, ೫೦ ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣವನ್ನು ಚಿನ್ನವು ತೂಕಕ್ಕೆ ತೂಕ ಮಾಂಸದ ನೂರು ಮಡಿಗೂ ಮಿಕ್ಕು ಹೀರುತ್ತದೆ. ಆದುದರಿಂದ ಗಡ್ಡೆಯ ತೂಕದಲ್ಲಿ ನೂರಕ್ಕೆ ಒಂದು ಪಾಲು ಚಿನ್ನವನ್ನು ಸಮನಾಗಿ ಹರಡಬಹುದಾದರೆ, ಅಂಥ ಕಿರಣದಿಂದ ಗಡ್ಡೆಗೆ ಸೇರುವ ಶಕ್ತಿಯು ಇಮ್ಮಡಿಯನ್ನು ಮೀರಬೇಕು.

ಇದು ಪ್ರಮಾಣದ ಮಾತಾಯಿತು. ಒತ್ತಿನ ವಿಷಯದಲ್ಲಿಯೂ ಚಿನ್ನಕ್ಕೆ ಒಂದು ವಿಶೇಷವುಂಟು. ಒಳಸುತ್ತಿನಲ್ಲಿ ಒಂದು ಎಲೆಕ್ಟ್ರಾನು ತೆರವಾದರೆ ಹೊರಸುತ್ತಿನ ಎಲೆಕ್ಟ್ರಾನು ಅಲ್ಲಿಗೆ ಇಳಿಯುತ್ತದೆ. ಆಗ ಬಿಡುಗಡೆಯಾದ ಶಕ್ತಿಯಿಂದ ಇನ್ನೊಂದು ಎಲೆಕ್ಟ್ರಾನು ಹೊರಬೀಳುತ್ತದೆ. ಆ ತೆರವನ್ನು ತುಂಬಲು ಮತ್ತೊಂದು. ಹೀಗೆ ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಉರುಳಿಬರುವಂತೆ ಎಲೆಕ್ಟ್ರಾನುಗಳ ಒಂದು ಸುರಿಮಳೆಯೇ ಆಗುತ್ತದೆ. ೧೯೨೨ರಲ್ಲಿ ಲೀಸೆ ಮೈಟ್ನರ್ ವಿದುಷಿಯೂ ೧೯೨೩ರಲ್ಲಿ ಪಿಯೆರ್ ಓಜೆ ಎಂಬ ಫ್ರೆಂಚ್ ವಿದ್ವಾಂಸನೂ ಇದನ್ನು ಬೇರೆ ಬೇರೆಯಾಗಿ ಕಂಡರು. ಹೆಸರು ಮಾತ್ರ ಓಜೆಯದು ನಿಂತಿತು. ಈ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಬಹಳ ದೂರ ಹೋಗಲಾರವು. ತಮ್ಮ ಶಕ್ತಿಯನ್ನು ರೇಣುವಿನ ಮಗ್ಗುಲಲ್ಲಿಯೇ ಚೆಲ್ಲಿಬಿಡುತ್ತವೆ. ರೇಣುಗಳು ಸೂಕ್ಷ್ಮವಾಗಿರಬೇಕೆಂಬುದಕ್ಕೆ ಇದೂ ಒಂದು ಕಾರಣ: ದಪ್ಪನಾದ ತುಣುಕಿನ ಒಡಲಿನಲ್ಲಿ ಹುಟ್ಟಿದ ಇಂಥ ಎಲೆಕ್ಟ್ರಾನು ಹೊರಕ್ಕೆ ಬರುವ ಮುನ್ನವೇ ಅಲ್ಲಿಯೇ ತೀರಿಹೋಗುತ್ತದೆ.

೫

ಈ ತತ್ತ್ವವು ಪ್ರಯೋಗಕ್ಕೆ ಬಂದುದು ಕ್ರಮಕ್ರಮವಾಗಿ. ಕ್ಷಕಿರಣದ ಚಿತ್ರಗಳಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ವೈದ್ಯರು ಅಯೊಡಿನ್ ಬೆರೆತ ದ್ರವವನ್ನು ಚುಚ್ಚುತ್ತಾರೆ. ಅಯೊಡಿನ್ನಿನ ಪರಮಾಣು ಸಂಖ್ಯೆ ೫೩. ೧೯೮೦ರಲ್ಲಿ ಜಪಾನಿನ ವಿದ್ವಾಂಸರು, ಅಯೊಡಿನ್ ದ್ರವದಲ್ಲಿಟ್ಟ ಜೀವಕೋಶಗಳು ಕ್ಷಕಿರಣಕ್ಕೆ ಹೆಚ್ಚಾಗಿ ಸಾಯುವುವೆಂದೂ, ಅದಕ್ಕಿಂತ ಬಹಳ ಶಕ್ತಿಯುತವಾದ ಗ್ಯಾಮಾ ಕಿರಣಕ್ಕೆ ಆ ಹೆಚ್ಚಳವು ಕಾಣುವುದಿಲ್ಲವೆಂದೂ ತೋರಿಸಿದರು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನ ಬೀಳುತ್ತದೆ.

೧೯೯೮ರಲ್ಲಿ ಜರ್ಮನಿಯಲ್ಲಿ ಜೀವಕೋಶಗಳನ್ನು ಚಿನ್ನದ ತೆಳುವಾದ ತಗಡಿನ ಮೇಲೆ ಬೆಳೆಸಿ ಕಿರಣಕ್ಕೆ ಒಡ್ಡಿದರು. ತಗಡಿಗೆ ಅಂಟಿಕೊಂಡ ಕೋಶಗಳಿಗೆ ತಗುಲಿದ ಕಿರಣದ ಪ್ರಮಾಣವು ನೂರು ಮಡಿಯಷ್ಟು ಹೆಚ್ಚಿತ್ತು. ಆದರೆ ಆ ಹೆಚ್ಚಳವು ತಗಡಿನ ಮೈಯಿಂದ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ದೂರದೊಳಗೇ ಮುಗಿಯುವಂಥದು. ಚಿನ್ನವು ಕೋಶದ ಹತ್ತಿರ ಇರಲೇಬೇಕೆಂಬುದು ಇದರಿಂದ ಸಿದ್ಧವಾಯಿತು. ೨೦೦೦ದಲ್ಲಿ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆಯಿಂದ ಮೂರು ಭಾಗ ಅಗಲದ ಚಿನ್ನದ ಗುಂಡುಗಳನ್ನು ಗಡ್ಡೆಗೆ ಚುಚ್ಚಿ ನೋಡಿದರು. ಅವು ಗಡ್ಡೆಯೊಳಕ್ಕೆ ಸಮನಾಗಿ ಹರಡಲೊಲ್ಲದೆ ಚುಚ್ಚಿದೆಡೆಯ ಆಸುಪಾಸಿನಲ್ಲಿಯೇ ನಿಂತುವು.

ಹೀಗಿರಲಾಗಿ, ಅಮೆರಿಕದ ಹೈನ್‌ಫೆಲ್ಡ್, ಸ್ಲಾಟ್ಕಿನ್, ಸ್ಮಿಲೊವಿಟ್ಸ್ ಎಂಬ ಮೂವರು ೨೦೦೪ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಚರ್ಮದ ಕೆಳಗೆ ಸ್ತನದ ಅರ್ಬುದವನ್ನು ಬೆಳೆಸಿದ ಇಲಿಗಳ ರಕ್ತನಾಳಕ್ಕೆ ೧.೯ ನ್ಯಾನೊಮೀಟರಿನ ಚಿನ್ನದ ರೇಣುಗಳನ್ನು ಚುಚ್ಚಿ, ಕೆಲವೇ ನಿಮಿಷಗಳಲ್ಲಿ ೨೫೦ ಕಿಲೊವೋಲ್ಟಿನ ಯಂತ್ರದ ಕಿರಣವನ್ನು ಬಿಟ್ಟರು. ಆ ಹೊತ್ತಿನಲ್ಲಿ ಗಡ್ಡೆಯಲ್ಲಿದ್ದ ಚಿನ್ನವು ಸುತ್ತಲಿನ ಮಾಂಸದಲ್ಲಿದ್ದುದರ ಸುಮಾರು ಎಂಟು ಮಡಿ. ಫಲವನ್ನು ಮೊದಲೇ ಹೇಳಿದೆ: ನೂರಕ್ಕೆ ೮೬ ಮತ್ತು ೨೦. ಚಿನ್ನವನ್ನು ಮಾತ್ರ ಪಡೆದು ಕಿರಣವನ್ನು ಪಡೆಯದ ಇಲಿಗಳಲ್ಲಿ ಒಂದೂ ಉಳಿಯಲಿಲ್ಲ. ಎಂದರೆ ಚಿನ್ನವು ತಾನಾಗಿ ಔಷಧವಲ್ಲ, ಕಿರಣಕ್ಕೆ ಸಹಾಯಕ ಮಾತ್ರ.

೬

ಈ ಪ್ರಯೋಗವನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಲು ಏಕಾಗದು? ಕಾರಣಗಳು ಮೂರು.

ಮೊದಲನೆಯದು ಕಿರಣದ ಶಕ್ತಿ. ೨೫೦ ಕಿಲೊವೋಲ್ಟಿನ ಕಿರಣವು ಇಲಿಯ ಚರ್ಮದ ಕೆಳಗಿನ ಗಡ್ಡೆಗೆ ಸಾಕು. ಮನುಷ್ಯನ ಒಡಲಿನ ಆಳದಲ್ಲಿರುವ ಗಡ್ಡೆಯನ್ನು ಮುಟ್ಟುವಷ್ಟರಲ್ಲಿ ಅದು ಚರ್ಮವನ್ನು ಸುಟ್ಟಿರುತ್ತದೆ. ದಾರಿಯ ಮೂಳೆಗಳಲ್ಲಿ ಸುಣ್ಣದ ಧಾತುವಾದ ಕ್ಯಾಲ್ಸಿಯಂ ಇರುವುದರಿಂದ ಅವು ಮಾಂಸಕ್ಕಿಂತ ಹೆಚ್ಚಾಗಿ ಕಿರಣವನ್ನು ಕುಡಿದು ಕೆಡುತ್ತವೆ. ಈ ದೋಷಗಳನ್ನು ಕಳೆಯುವುದಕ್ಕಾಗಿಯೇ ೧೯೫೧ರಿಂದ ಕೋಬಾಲ್ಟಿನ ಗ್ಯಾಮಾ ಕಿರಣವೂ, ೧೯೫೩ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೊದಲಾಗಿ ಲಕ್ಷಗಟ್ಟಲೆ ವೋಲ್ಟಿನ ರೇಖೀಯ ವೇಗವರ್ಧಕ ಯಂತ್ರಗಳೂ ಬಳಕೆಗೆ ಬಂದುವು. ಈಗ ಆಸ್ಪತ್ರೆಗಳಲ್ಲಿ ಸಾಮಾನ್ಯವಾದುದು ೬೦ ಲಕ್ಷ ವೋಲ್ಟಿನ ಕಿರಣ. ಇಂಥ ಕಿರಣಕ್ಕೆ ಮೂಳೆಗೂ ಮಾಂಸಕ್ಕೂ ಹೆಚ್ಚಿನ ಭೇದವಿಲ್ಲ. ಅಂತೆಯೇ ಚಿನ್ನಕ್ಕೂ ಮಾಂಸಕ್ಕೂ ಹೆಚ್ಚಿನ ಭೇದವಿಲ್ಲ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಚಿನ್ನದ ಹೀರಿಕೆಯು ತೂಕಕ್ಕೆ ತೂಕ ಮಾಂಸದ ಎರಡು ಮಡಿಯನ್ನೂ ಮುಟ್ಟುವುದಿಲ್ಲ. ೧೯೮೦ರ ಅಯೊಡಿನ್ ಪ್ರಯೋಗದಲ್ಲಿ ಗ್ಯಾಮಾ ಕಿರಣವು ಸೋತುದಕ್ಕೂ ಕಾರಣ ಇದೇ. ಮೂಳೆಯನ್ನು ಕೆಡಿಸುತ್ತಿದ್ದ ಯಾವ ಗುಣವನ್ನು ವೈದ್ಯರು ಅರ್ಧ ಶತಮಾನ ಶ್ರಮಪಟ್ಟು ದೂರಮಾಡಿದರೋ, ಆ ಗುಣವೇ ರೇಣುಗಳಿಗೆ ಜೀವಾಳವಾಗಿರುವುದು ಇಲ್ಲಿನ ವಿಪರ್ಯಾಸ.

ಎರಡನೆಯದು ಪ್ರಮಾಣ. ಆ ಇಲಿಗಳಿಗೆ ಕೊಟ್ಟ ಚಿನ್ನವು ದೇಹದ ತೂಕದ ಕಿಲೊಗ್ರಾಮಿಗೆ ೨.೭ ಗ್ರಾಮಿನವರೆಗೆ ಇತ್ತು. ಇದೇ ದರದಲ್ಲಿ ೬೦ ಕಿಲೊಗ್ರಾಂ ತೂಗುವ ಮನುಷ್ಯನಿಗೆ ೧೬೨ ಗ್ರಾಂ ಚಿನ್ನ ಬೇಕಾಗುತ್ತದೆ. ನಮ್ಮವರ ಲೆಕ್ಕದಲ್ಲಿ ಇಪ್ಪತ್ತು ಸವರನ್ನಿಗೂ ಸ್ವಲ್ಪ ಮೇಲೆ. ಬೆಲೆಯ ಮಾತು ಹಾಗಿರಲಿ; ಅಷ್ಟು ಲೋಹವನ್ನು ರೋಗಿಯ ರಕ್ತಕ್ಕೆ ಸೇರಿಸಿ ಮತ್ತೆ ಹೊರಕ್ಕೆ ಕಳುಹಿಸುವುದು ಸುಲಭವಲ್ಲ.

ಮೂರನೆಯದು ಸಾಗಾಟ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಗಳಂತೆ ಸಂದುಬಿರುಕುಗಳಿಂದ ಕೂಡಿರುತ್ತವೆ. ಆ ಸಂದುಗಳಿಂದ ರೇಣುಗಳು ಗಡ್ಡೆಯೊಳಕ್ಕೆ ಸೋರಿ ಅಲ್ಲಿಯೇ ನಿಲ್ಲುವುವೆಂದು ಜಪಾನಿನ ಮತ್ಸುಮುರ ಮತ್ತು ಮಯೆದ ೧೯೮೬ರಲ್ಲಿ ಪ್ರತಿಪಾದಿಸಿದರು. ಮುಂದಣ ಎಷ್ಟೋ ಸಂಶೋಧನೆಗೆ ಈ ಮತವು ತಳಹದಿಯಾಯಿತು. ಆದರೆ ೨೦೧೬ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಅದರ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಚುಚ್ಚಿದ ರೇಣುಗಳಲ್ಲಿ ಗಡ್ಡೆಯನ್ನು ಮುಟ್ಟಿದವು ಮಧ್ಯಕ ಲೆಕ್ಕದಲ್ಲಿ ನೂರಕ್ಕೆ ೦.೭ ಮಾತ್ರವೆಂದು ತಿಳಿದುಬಂದಿತು. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದುಕೊಳ್ಳುತ್ತವೆ. ಐದಾರು ನ್ಯಾನೊಮೀಟರಿಗಿಂತ ಚಿಕ್ಕವು ಮೂತ್ರಪಿಂಡದ ಮೂಲಕ ಬೇಗನೆ ಹೊರಟುಹೋಗುತ್ತವೆ. ದೊಡ್ಡದಾದರೆ ಯಕೃತ್ತಿನ ಬಾಯಿ, ಚಿಕ್ಕದಾದರೆ ಮೂತ್ರದ ದಾರಿ. ನಡುವೆ ಗಡ್ಡೆಯ ಪಾಲಿಗೆ ಉಳಿಯುವುದು ಅತ್ಯಲ್ಪ. ಗಡ್ಡೆಯನ್ನು ಮುಟ್ಟಿದ ಮೇಲೂ ಕೋಶದೊಳಕ್ಕೆ ಹೋಗಬೇಕು. ೧೪, ೫೦, ೭೪ ನ್ಯಾನೊಮೀಟರಿನ ಚಿನ್ನದ ರೇಣುಗಳನ್ನು ೨೦೧೦ರಲ್ಲಿ ಕೆನಡದ ವಿದ್ವಾಂಸರು ಹೋಲಿಸಿ ನೋಡಿದಾಗ ಕೋಶಗಳ ಮೇಲೆ ಹೆಚ್ಚಿನ ಫಲವನ್ನು ತೋರಿದುದು ೫೦ರದು. ಆದರೆ ಆ ಗಾತ್ರದ್ದು ಮೂತ್ರಪಿಂಡದಲ್ಲಿ ಹಾಯಲಾರದು. ಒಂದು ಅನುಕೂಲವು ಇನ್ನೊಂದಕ್ಕೆ ಅಡ್ಡಿಯಾಗುವುದು ಈ ಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

೭

ಮನುಷ್ಯರ ಮೇಲಣ ಪರೀಕ್ಷೆಗಳನ್ನು ಕೈಕೊಂಡವರು ಈ ಮೂರು ಕಷ್ಟಗಳಲ್ಲಿ ಯಾವುದನ್ನು ಹೇಗೆ ದಾಟಿದರೆಂಬುದನ್ನು ನೋಡಿದರೆ ಅವರ ಆಯ್ಕೆಗಳ ಔಚಿತ್ಯವು ತಿಳಿಯುತ್ತದೆ.

ಫ್ರಾನ್ಸಿನ ನ್ಯಾನೊಬಯೊಟಿಕ್ಸ್ ಎಂಬ ಸಂಸ್ಥೆಯು ಚಿನ್ನವನ್ನು ಬಿಟ್ಟು ಹಾಫ್ನಿಯಂ ಆಕ್ಸೈಡನ್ನು ಆರಿಸಿಕೊಂಡಿತು. ಹಾಫ್ನಿಯಂ ಧಾತುವನ್ನು ೧೯೨೩ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಂಡುಹಿಡಿದರು. ಆ ನಗರದ ಲ್ಯಾಟಿನ್ ಹೆಸರೇ ಧಾತುವಿನ ಹೆಸರು. ಪರಮಾಣು ಸಂಖ್ಯೆ ೭೨. ಆಕ್ಸೈಡು ದೇಹದ ರಸಗಳೊಡನೆ ಸುಲಭವಾಗಿ ಬೆರೆತು ಕರಗದು. ಸುಮಾರು ೫೦ ನ್ಯಾನೊಮೀಟರಿನ ಈ ರೇಣುಗಳನ್ನು ರಕ್ತಕ್ಕೆ ಬಿಡದೆ ನೇರವಾಗಿ ಗಡ್ಡೆಗೇ ಒಂದು ಸಾರಿ ಚುಚ್ಚುತ್ತಾರೆ. ಹೀಗೆ ಸಾಗಾಟದ ಕಷ್ಟವು ಬಹುಮಟ್ಟಿಗೆ ತಪ್ಪುತ್ತದೆ. ಲೀಟರಿಗೆ ೫೩.೩ ಗ್ರಾಂ ರೇಣುವುಳ್ಳ ದ್ರವವನ್ನು ಗಡ್ಡೆಯ ಗಾತ್ರದ ಹತ್ತರಲ್ಲೊಂದು ಪಾಲಿನಷ್ಟು ಕೊಡುವುದರಿಂದ, ಗಡ್ಡೆಯ ತೂಕದ ಸುಮಾರು ಇನ್ನೂರರಲ್ಲೊಂದು ಭಾಗ ಆಕ್ಸೈಡು ಸೇರಿದಂತಾಗುತ್ತದೆ.

ಕೈಕಾಲು ಮತ್ತು ಮುಂಡದ ಗೋಡೆಯ ಮೃದುಮಾಂಸದಲ್ಲಿ ಹುಟ್ಟುವ ಸಾರ್ಕೊಮ ಎಂಬ ಅರ್ಬುದವುಳ್ಳ ೧೮೦ ರೋಗಿಗಳನ್ನು ೨೦೧೫ರಿಂದ ೨೦೧೭ರವರೆಗೆ ಈ ಪರೀಕ್ಷೆಗೆ ಸೇರಿಸಿಕೊಂಡು, ಅದೃಷ್ಟದ ಚೀಟಿಯಂತೆ ಎರಡು ಪಂಗಡಗಳಾಗಿ ವಿಂಗಡಿಸಿದರು. ಒಂದು ಪಂಗಡಕ್ಕೆ ರೇಣು ಮತ್ತು ೫೦ ಗ್ರೇ ಕಿರಣ, ಇನ್ನೊಂದಕ್ಕೆ ಕಿರಣ ಮಾತ್ರ. ಆಮೇಲೆ ಇಬ್ಬರಿಗೂ ಶಸ್ತ್ರ. ಕತ್ತರಿಸಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಂತ ಕೋಶಗಳು ನೂರಕ್ಕೆ ಐದಕ್ಕಿಂತ ಕಡಿಮೆ ಉಳಿದಿದ್ದರೆ ಪೂರ್ಣಫಲವೆಂದು ಎಣಿಸಿದರು. ಮೊದಲ ಪಂಗಡದಲ್ಲಿ ೮೭ ಮಂದಿಯಲ್ಲಿ ೧೪, ಎರಡನೆಯದರಲ್ಲಿ ೮೯ ಮಂದಿಯಲ್ಲಿ ೭. ಕತ್ತರಿಸಿದ ಅಂಚಿನಲ್ಲಿ ರೋಗದ ಕೋಶವುಳಿಯದಂತೆ ಗಡ್ಡೆಯನ್ನು ಪೂರ್ತಿ ತೆಗೆಯಲಾದುದು ಕ್ರಮವಾಗಿ ನೂರಕ್ಕೆ ೭೭ ಮತ್ತು ೬೪. ೨೦೧೯ರಲ್ಲಿಯೇ ಈ ರೋಗಕ್ಕೆ ಈ ರೇಣುಗಳನ್ನು ಬಳಸಲು ಯೂರೋಪಿನ ಮಾನ್ಯತೆ ದೊರೆಯಿತು. ಇದೇ ರೇಣುಗಳನ್ನು ತಲೆ ಮತ್ತು ಕತ್ತಿನ ಅರ್ಬುದದಲ್ಲಿ ಪರೀಕ್ಷಿಸುವ ದೊಡ್ಡ ಪ್ರಯತ್ನವೊಂದು ೨೦೨೨ರಲ್ಲಿ ಪ್ರಾರಂಭವಾಯಿತು.

ಇನ್ನೊಂದು ಪ್ರಯತ್ನವೂ ಫ್ರಾನ್ಸಿನದೇ. ಲಿಯೊನ್ ನಗರದಲ್ಲಿ ರೂಪುಗೊಂಡ ಆಗ್ವಿಕ್ಸ್ ಎಂಬ ರೇಣುವು ಐದು ನ್ಯಾನೊಮೀಟರಿಗಿಂತ ಚಿಕ್ಕದು. ಅದರಲ್ಲಿರುವ ಭಾರಧಾತು ಗ್ಯಾಡೊಲಿನಿಯಂ, ಪರಮಾಣು ಸಂಖ್ಯೆ ೬೪. ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಮೂತ್ರದಲ್ಲಿ ಹೊರಡುತ್ತದೆ. ಗ್ಯಾಡೊಲಿನಿಯಂ ಎಂಆರ್‌ಐ ಚಿತ್ರದಲ್ಲಿ ಎದ್ದು ಕಾಣುವುದರಿಂದ ರೇಣುಗಳು ಎಲ್ಲಿ ನೆಲೆಸಿವೆಯೆಂಬುದನ್ನು ವೈದ್ಯರು ಕಿರಣ ಬಿಡುವ ಮೊದಲೇ ನೋಡಬಹುದು. ಮಿದುಳಿಗೆ ಅರ್ಬುದವು ಹಬ್ಬಿದ ೧೫ ರೋಗಿಗಳಿಗೆ ಗ್ರೆನೋಬ್ಲ್ ನಗರದಲ್ಲಿ ಇದನ್ನು ಕೊಟ್ಟು, ಹತ್ತು ಸಾರಿ ಒಟ್ಟು ೩೦ ಗ್ರೇ ಕಿರಣವನ್ನು ಬಿಟ್ಟರು. ಕಿಲೊಗ್ರಾಂ ತೂಕಕ್ಕೆ ೧೦೦ ಮಿಲಿಗ್ರಾಮಿನವರೆಗೆ ರೋಗಿಗಳು ಇದನ್ನು ತಾಳಿಕೊಂಡರು. ಇದು ಕ್ಷೇಮವನ್ನು ತಿಳಿಯುವ ಮೊದಲ ಹಂತದ ಪರೀಕ್ಷೆ. ಗುಣವನ್ನು ನಿರ್ಣಯಿಸುವುದಕ್ಕೆ ೧೫ ಮಂದಿ ಸಾಲರು.

೮

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಆಸ್ಪತ್ರೆಯ ಕಿರಣವು ೬೦ ಲಕ್ಷ ವೋಲ್ಟಿನದಾದರೆ, ಆ ಶಕ್ತಿಯಲ್ಲಿ ಭಾರಲೋಹಕ್ಕೂ ಮಾಂಸಕ್ಕೂ ಭೇದವೇ ಅಲ್ಪವಾದರೆ, ಮನುಷ್ಯರಲ್ಲಿ ಎಷ್ಟಾದರೂ ಫಲವು ಕಂಡುದು ಹೇಗೆ? ಈ ಪ್ರಶ್ನೆಗೆ ಉತ್ತರವು ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. ದೇಹದೊಳಗೆ ಚೆದರಿದ ಕಿರಣದಲ್ಲಿ ಕಡಿಮೆ ಶಕ್ತಿಯ ಭಾಗವೂ ಇರುತ್ತದೆಂಬುದು ಒಂದು ಸಮಾಧಾನ. ಗಡ್ಡೆಗೆಲ್ಲ ಸರಾಸರಿಯಾಗಿ ಹೆಚ್ಚಳವು ಅಲ್ಪವಾದರೂ, ಕಿರಣದ ಪೆಟ್ಟು ಬಿದ್ದ ರೇಣುವಿನ ಮಗ್ಗುಲಲ್ಲಿ ಓಜೆ ಎಲೆಕ್ಟ್ರಾನುಗಳಿಂದ ಒತ್ತಾದ ಗಾಯವಾಗುವುದೆಂಬುದು ಇನ್ನೊಂದು. ಮೂರನೆಯದು ಭೌತಶಾಸ್ತ್ರದಿಂದ ಹೊರಗಿನದು. ಬೆ‌ಲ್‌ಫಾಸ್ಟ್ ನಗರದ ವಿದ್ವಾಂಸರು ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಬಗೆಯ ಸ್ತನಾರ್ಬುದದ ಕೋಶಗಳು, ೧೬೦ ಕಿಲೊವೋಲ್ಟಿನ ಕಿರಣಕ್ಕೆ ೧.೪೧ ಮಡಿ, ೬೦ ಲಕ್ಷ ವೋಲ್ಟಿನದಕ್ಕೆ ೧.೨೯ ಮಡಿ ಹೆಚ್ಚು ಮೃದುವಾದುವು. ಲೆಕ್ಕದಂತೆ ಎರಡನೆಯದು ಇಷ್ಟು ಇರಬಾರದಾಗಿತ್ತು. ಅದೇ ರೇಣುಗಳು ಬೇರೆ ಎರಡು ಬಗೆಯ ಕೋಶಗಳಲ್ಲಿ ಅಂಥ ಫಲವನ್ನು ಸ್ಪಷ್ಟವಾಗಿ ತೋರಲಿಲ್ಲ. ಎಂದಮೇಲೆ ರೇಣುವು ಕಿರಣವನ್ನು ಹೀರುವುದಷ್ಟೇ ಅಲ್ಲದೆ ಕೋಶದ ಒಳಜೀವನದಲ್ಲಿಯೂ ಏನೋ ಕೈಯಾಡಿಸುತ್ತದೆಂದು ಊಹಿಸಬೇಕಾಗಿದೆ. ಅದರ ದುರಸ್ತಿಯ ಸಾಮರ್ಥ್ಯವನ್ನು ಕುಗ್ಗಿಸುವುದೋ, ಉಸಿರಾಟದ ವ್ಯವಸ್ಥೆಯನ್ನು ಕಲಕುವುದೋ ಎಂಬುದರ ವಿಚಾರ ನಡೆದಿದೆ.

ಈ ವಿಷಯವನ್ನು ಕನ್ನಡದಲ್ಲಿ ಬರೆಯುವವರೂ ಪಾಠಹೇಳುವವರೂ ಎರಡು ಎಚ್ಚರಗಳನ್ನು ವಹಿಸತಕ್ಕದ್ದು. ಚಿನ್ನವು ಅರ್ಬುದವನ್ನು ಗುಣಪಡಿಸುತ್ತದೆಂಬ ಮಾತು ಸುಳ್ಳು. ಕಿರಣವಿಲ್ಲದ ಚಿನ್ನದಿಂದ ಒಂದು ಇಲಿಯೂ ಉಳಿಯಲಿಲ್ಲವೆಂಬುದನ್ನು ಮೇಲೆ ಕಂಡೆವು. ನಮ್ಮಲ್ಲಿ ಸ್ವರ್ಣಭಸ್ಮದ ಹೆಸರು ಹಳೆಯದಾಗಿರುವುದರಿಂದ, ಈ ಸಂಶೋಧನೆಯನ್ನು ಅದಕ್ಕೆ ಸಾಕ್ಷಿಯೆಂದು ಯಾರಾದರೂ ಹೇಳುವ ಸಂಭವವುಂಟು. ಬಾಯಿಂದ ಸೇವಿಸಿದ ಭಸ್ಮಕ್ಕೂ, ಗಡ್ಡೆಯಲ್ಲಿ ನೆಲೆಸಿ ಕಿರಣವನ್ನು ಕಾಯುವ ರೇಣುವಿಗೂ ಲೋಹದ ಹೆಸರಿನ ಹೊರತು ಸಂಬಂಧವಿಲ್ಲ. ಅದನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದ ರೋಗಿಗೆ ಆ ತಡವೇ ಮೃತ್ಯುವಾದೀತು. ಇನ್ನೊಂದು, ನೂರಕ್ಕೆ ೮ ಇದ್ದುದು ೧೬ ಆಯಿತೆಂಬುದನ್ನು ಇಮ್ಮಡಿಯಾಯಿತೆಂದು ಮಾತ್ರ ಬರೆಯುವುದು ಸರಿಯಲ್ಲ, ನೂರಕ್ಕೆ ೮೪ ಮಂದಿಗೆ ಆ ಪೂರ್ಣಫಲವು ದೊರೆಯಲಿಲ್ಲವೆಂದು ಮಾತ್ರ ಬರೆಯುವುದೂ ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು. ಗಡ್ಡೆಯು ಸೂಕ್ಷ್ಮದರ್ಶಕದಲ್ಲಿ ಸತ್ತಂತೆ ಕಾಣುವುದೂ ರೋಗಿಯು ಹೆಚ್ಚು ವರ್ಷ ಬದುಕುವುದೂ ಒಂದೇ ಅಲ್ಲವೆಂಬುದನ್ನೂ ಜೊತೆಗೇ ಹೇಳಬೇಕು.

ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಕಳೆದುಹೋದುದು ತತ್ತ್ವವಲ್ಲ. ರೊಂಟ್ಗೆನ್ನನ ಚಿತ್ರದ ಉಂಗುರವು ತೋರಿದ ನಿಯಮವು ಇಂದಿಗೂ ನಿಜ. ಕಳೆದುಹೋದುದು ಕಿರಣದ ಶಕ್ತಿಯ ಹೊಂದಾಣಿಕೆ, ಲೋಹದ ಪ್ರಮಾಣ, ಅದನ್ನು ಕೋಶದ ಬಾಗಿಲಿಗೆ ಮುಟ್ಟಿಸುವ ಮಾರ್ಗ. ಮುಂದಣ ಪರೀಕ್ಷೆಗಳ ವರದಿ ಬಂದಾಗ ವಾಚಕರು ಈ ಮೂರನ್ನು ಕೇಳಿ, ನಾಲ್ಕನೆಯದಾಗಿ ರೋಗಿಯ ಆಯುಷ್ಯವು ಎಷ್ಟು ಹೆಚ್ಚಿತೆಂದು ಕೇಳಿದರೆ, ಆ ವರದಿಯ ಬೆಲೆಯನ್ನು ತಾವೇ ಕಟ್ಟಬಲ್ಲರು.